ಯಾವ ಕುದುರೆ ಗೆಲ್ಲುತ್ತೆ ಅನ್ನೋದಲ್ಲ ಪ್ರಶ್ನೆ: ಹಾಂಗ್‌ಕಾಂಗ್ ರೇಸಿನ ಲೆಕ್ಕದ ಕಥೆ

ರೇಸ್‌ಕೋರ್ಸ್ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ: ಯಾವ ಕುದುರೆ ಗೆಲ್ಲುತ್ತೆ? ಟಿಪ್ಸ್ ಏನಾದ್ರೂ ಇದೆಯಾ? ಇವತ್ತು ನಾನು ಹೇಳೋದು, ಆ ಪ್ರಶ್ನೆಯನ್ನು ಬದಿಗಿಟ್ಟು ಕೋಟ್ಯಂತರ ಡಾಲರ್ ಗೆದ್ದ ಒಬ್ಬರ ಕಥೆ. ಹೆಸರು ಬಿಲ್ ಬೆಂಟರ್, ಅಮೆರಿಕದ ಪಿಟ್ಸ್‌ಬರ್ಗ್‌ನವರು. ಕಥೆ ನಡೆದದ್ದು ಹಾಂಗ್‌ಕಾಂಗ್‌ನಲ್ಲಿ.

ಮೊದಲು ಬಾಜಿಯ ವ್ಯವಸ್ಥೆ ಅರ್ಥ ಮಾಡ್ಕೊಳ್ಳೋಣ. 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೋಸೆಫ್ ಒಲೆರ್ ಒಂದು ಪದ್ಧತಿ ತಂದ್ರು. ಎಲ್ಲರೂ ಕಟ್ಟಿದ ದುಡ್ಡು ಒಂದೇ ಕಡೆ ಸೇರುತ್ತೆ. ನಡೆಸುವವರು ತಮ್ಮ ಪಾಲು ಮೊದಲೇ ತೆಗೆದುಕೊಳ್ತಾರೆ. ಉಳಿದದ್ದು ಗೆದ್ದವರಿಗೆ ಹಂಚಿಕೆ. ನಮ್ಮ ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ 'ಟೋಟ್' ಅನ್ನೋದು ಇದನ್ನೇ. ಬೆಂಟರ್ ಆಡ್ತಿದ್ದಾಗ ಹಾಂಗ್‌ಕಾಂಗ್‌ನಲ್ಲಿ ಈ ಕಡಿತ ಹೆಚ್ಚೂಕಡಿಮೆ ಶೇ 18. ಅಂದ್ರೆ ಜನ ಒಟ್ಟಾಗಿ 100 ಕಟ್ಟಿದ್ರೆ ಅವರಿಗೆ ವಾಪಸ್ ಬರೋದು 82 ಮಾತ್ರ. ಕುದುರೆ ಓಡೋಕೆ ಮುಂಚೆಯೇ ಜನ ಸೋತಿರ್ತಾರೆ!

ಹಾಗಾದ್ರೆ ಗೆಲ್ಲೋದು ಹೇಗೆ? ಒಂದು ಸಣ್ಣ ಲೆಕ್ಕ ನೋಡಿ. ಎಲ್ಲರ ಅಚ್ಚುಮೆಚ್ಚಿನ ಕುದುರೆ ಒಂದಿದೆ. ಎರಡರಲ್ಲಿ ಒಂದು ಸಲ ಗೆಲ್ಲುತ್ತೆ. ಆದ್ರೆ ಜನ ಮುಗಿಬಿದ್ದು ಕಟ್ಟಿರೋದ್ರಿಂದ 100ಕ್ಕೆ 160 ಮಾತ್ರ ಸಿಗುತ್ತೆ. 160ರ ಅರ್ಧ 80. ಪ್ರತಿ ಸಲ ಸರಾಸರಿ 20 ರೂಪಾಯಿ ನಷ್ಟ. ಇನ್ನೊಂದು ಕುದುರೆ ಹತ್ತರಲ್ಲಿ ಒಂದೇ ಸಲ ಗೆಲ್ಲೋದು, ಆದ್ರೆ ಗೆದ್ರೆ 1,500 ಕೊಡುತ್ತೆ. ಅದರ ಹತ್ತನೇ ಒಂದು ಭಾಗ 150. ಸರಾಸರಿ 50 ಲಾಭ. ಇದಕ್ಕೇ ನಿರೀಕ್ಷಿತ ಮೌಲ್ಯ ಅಂತಾರೆ. 1654ರಲ್ಲಿ ಜೂಜಿನ ಪ್ರಶ್ನೆಯೊಂದರ ಬಗ್ಗೆ ಪ್ಯಾಸ್ಕಲ್ ಮತ್ತು ಫರ್ಮಾ ಬರೆದುಕೊಂಡ ಪತ್ರಗಳಲ್ಲೇ ಇದರ ಬೇರು ಇದೆ.

ಹತ್ತರಲ್ಲಿ ಒಂದು ಅಂತ ಗೊತ್ತಾಗೋದಾದ್ರೂ ಹೇಗೆ? ಕಷ್ಟ ಇರೋದು ಅಲ್ಲೇ. ಬೆಂಟರ್ ಮೊದಲು ಲಾಸ್ ವೇಗಸ್‌ನಲ್ಲಿ ಇಸ್ಪೀಟೆಲೆ ಎಣಿಸಿ ಬ್ಲ್ಯಾಕ್‌ಜಾಕ್ ಆಡ್ತಿದ್ರು. ಕ್ಯಾಸಿನೊಗಳು ಬಾಗಿಲು ಹಾಕಿದ ಮೇಲೆ, 1980ರ ದಶಕದ ಮಧ್ಯದಲ್ಲಿ ಆಸ್ಟ್ರೇಲಿಯಾದ ಅಲನ್ ವುಡ್ಸ್ ಜೊತೆ ಹಾಂಗ್‌ಕಾಂಗ್‌ಗೆ ಬಂದ್ರು. ಹ್ಯಾಪಿ ವ್ಯಾಲಿ, ಶಾ ಟಿನ್ ಅಂತ ಎರಡೇ ಮೈದಾನ. ಮತ್ತೆ ಮತ್ತೆ ಅವೇ ಕುದುರೆಗಳು, ಪ್ರತಿ ಓಟಕ್ಕೂ ದಾಖಲೆ. 1986ರಲ್ಲಿ ರೂತ್ ಬೋಲ್ಟನ್ ಮತ್ತು ರಾಂಡಲ್ ಚಾಪ್‌ಮನ್ ಪ್ರಕಟಿಸಿದ ಸಂಶೋಧನಾ ಲೇಖನದ ದಾರಿ ಹಿಡಿದು, ಪ್ರತಿ ಕುದುರೆಯ ಗೆಲ್ಲುವ ಸಾಧ್ಯತೆಯನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದ್ರು.

ಆರಂಭದಲ್ಲಿ ತಂದಿದ್ದ ದುಡ್ಡಿನ ಬಹುಪಾಲು ಹೋಯ್ತು. ಲೆಕ್ಕ ತಿರುಗಿದ್ದು ಒಂದು ವಿಚಾರದಿಂದ, ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗೋದೂ ಅದೇ. ಕಂಪ್ಯೂಟರ್ ಒಂದು ಕುದುರೆಗೆ ಶೇ 20 ಅನ್ನುತ್ತೆ, ಜನ ಕಟ್ಟಿದ ದುಡ್ಡು ಶೇ 10 ಅನ್ನುತ್ತೆ. ಯಾರು ಸರಿ? ಬೆಂಟರ್ ಎರಡನ್ನೂ ಬೆರೆಸಿದ್ರು. ಯಾಕಂದ್ರೆ ತನ್ನ ಲೆಕ್ಕಕ್ಕೆ ಸಿಗದ ಎಷ್ಟೋ ಸುದ್ದಿ ಜನರ ದುಡ್ಡಿನಲ್ಲಿ ಅಡಗಿರುತ್ತೆ. ಜನ ದಡ್ಡರು ಅಂದುಕೊಂಡಿದ್ರೆ ಅವರು ಸೋಲ್ತಿದ್ರು. 1994ರಲ್ಲಿ ಇದನ್ನೆಲ್ಲ ಅವರೇ ಬರೆದು ಪ್ರಕಟಿಸಿದ್ರು.

ಇನ್ನೊಂದು ಪಾಠ, ಎಷ್ಟು ಕಟ್ಟಬೇಕು ಅನ್ನೋದು. ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಒಂದು ಸೂತ್ರ ಕೊಟ್ರು. ಅದರ ಪ್ರಕಾರ, ಮೇಲಿನ ಆ 1,500ರ ಕುದುರೆಗೂ ಕೈಯಲ್ಲಿರೋ 100 ರೂಪಾಯಿಯಲ್ಲಿ ಸುಮಾರು ಮೂರೂವರೆ ರೂಪಾಯಿ ಮಾತ್ರ ಕಟ್ಟಬೇಕು. ಲೆಕ್ಕ ಸರಿಯಿದ್ದರೂ ಹತ್ತರಲ್ಲಿ ಒಂಬತ್ತು ಸಲ ಸೋಲೋದೇ ಅಲ್ವಾ? ಎಲ್ಲಾ ಒಟ್ಟಿಗೆ ಕಟ್ಟಿದವರು, ಅದೃಷ್ಟ ತಿರುಗೋ ಹೊತ್ತಿಗೆ ಆಟದಲ್ಲೇ ಇರಲ್ಲ.

ಇದನ್ನು ಕೇಳಿ ನಾಳೆಯೇ ರೇಸ್‌ಗೆ ಹೋಗಿ ಅಂತ ನಾನು ಹೇಳ್ತಿಲ್ಲ, ಹೇಳ್ತಿರೋದು ಉಲ್ಟಾ. ವರ್ಷಗಟ್ಟಲೆ ದಾಖಲೆ, ಕಂಪ್ಯೂಟರ್, ಸೋಲು ತಡೆಯೋ ಬಂಡವಾಳ ಇದ್ದವರಿಗೂ ಅಷ್ಟು ಕಷ್ಟ ಆಯ್ತು. ಫೋನ್‌ನಲ್ಲಿ ಯಾರಾದ್ರೂ 'ಗ್ಯಾರಂಟಿ ಟಿಪ್' ಕಳಿಸಿದ್ರೆ ಮೂರು ಪ್ರಶ್ನೆ ಕೇಳಿ: ಗೆಲ್ಲೋ ಸಾಧ್ಯತೆ ಎಷ್ಟು? ಗೆದ್ರೆ ಸಿಗೋದೆಷ್ಟು? ನಡೆಸುವವರು ಮೊದಲೇ ಹಿಡಿದುಕೊಳ್ಳೋದೆಷ್ಟು? ಮೂರಕ್ಕೂ ಅಂಕಿ ಇಲ್ಲ ಅಂದ್ರೆ, ದುಡ್ಡು ಜೇಬಲ್ಲೇ ಇರಲಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.