ಮೊದಲ ತಪಾಸಣೆ ಯಾರಿಗೆ?

ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಭೀಮೆ ಜೇವರ್ಗಿಯತ್ತ ಸಾಗುತ್ತದೆ. ಸಂಗಮದ ಈ ದತ್ತಕ್ಷೇತ್ರಕ್ಕೆ ಸಂತಾನದ ಹರಕೆ ಹೊತ್ತ ದಂಪತಿಗಳು ಹಿಂದಿನಿಂದಲೂ ಬರುತ್ತಿದ್ದಾರೆ. ಹರಕೆ ಇಬ್ಬರದು; ಆದರೆ ‘ಬಂಜೆ’ ಎಂಬ ಹೆಸರು ಹೆಂಡತಿಯೊಬ್ಬಳಿಗೇ. ಇದಕ್ಕಾಗಿಯೇ ಮನೆಗೆ ಸವತಿ ಬಂದದ್ದೂ ಉಂಟು. ಈ ತೀರ್ಪು ಸರಿಯೆ? ವಿದ್ಯಾರ್ಥಿ ಮಿತ್ರರೇ, ವಿಜ್ಞಾನದ ಚರಿತ್ರೆಯನ್ನು ಕೇಳೋಣ.

ಹಾಲೆಂಡಿನ ಲೇವೆನ್‌ಹುಕ್ 1677ರಲ್ಲಿ ಸೂಕ್ಷ್ಮದರ್ಶಕದಡಿ ವೀರ್ಯಾಣುಗಳನ್ನು ಕಂಡನು. ಸುಮಾರು ನೂರು ವರ್ಷಗಳ ನಂತರ ಇಟಲಿಯ ಸ್ಪಲ್ಲಾಂಜಾನಿ ಹೆಣ್ಣುನಾಯಿಯೊಂದಕ್ಕೆ ಪಿಚಕಾರಿಯಿಂದ ವೀರ್ಯ ಸೇರಿಸಿದನು; 62 ದಿನಗಳಲ್ಲಿ ಅದು ಮೂರು ಮರಿಗಳನ್ನು ಹಾಕಿತು. ಮನುಷ್ಯರಲ್ಲಿ ಇಂಥ ಮೊದಲ ಯಶಸ್ಸು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನದು. ಅದರ ವರದಿ ಪ್ರಕಟವಾದದ್ದು 1799ರಲ್ಲಿ. ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ದೋಷವಿದ್ದದ್ದು ಗಂಡನಲ್ಲಿ. ಅವನ ಮೂತ್ರನಾಳದ ರಂಧ್ರ ಸರಿಯಾದ ಸ್ಥಳದಲ್ಲಿರಲಿಲ್ಲ.

ಅಮೆರಿಕದ ಮೇರಿಯನ್ ಸಿಮ್ಸ್ ವೀರ್ಯವನ್ನು ನೇರವಾಗಿ ಗರ್ಭಾಶಯದೊಳಗೇ ಸೇರಿಸಿ ನೋಡಿದನು. 1866ರಲ್ಲಿ ಅವನು ವರದಿ ಮಾಡಿದ 55 ಪ್ರಯತ್ನಗಳಲ್ಲಿ ಗರ್ಭ ನಿಂತದ್ದು ಒಂದೇ, ಅದೂ ಉಳಿಯಲಿಲ್ಲ. ಅಂಡಾಣು ಹೊರಬರುವ ದಿನ ಯಾವುದೆಂದು ಆಗ ಗೊತ್ತಿರಲಿಲ್ಲ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಎಂಬುದನ್ನು 1920ರ ದಶಕದಲ್ಲಿ ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನಾಸ್ ತೋರಿಸಿಕೊಟ್ಟರು.

ನಮ್ಮ ದೇಶದಲ್ಲಿ ದನಗಳ ಕೃತಕ ಗರ್ಭಧಾರಣೆ ಮೊದಲು ನಡೆದದ್ದು ಕರ್ನಾಟಕದಲ್ಲಿಯೇ. 1939ರಲ್ಲಿ ಮೈಸೂರಿನ ಅರಮನೆಯ ಡೈರಿಯಲ್ಲಿ ಸಂಪತ್ ಕುಮಾರನ್ ಅದನ್ನು ಮಾಡಿದರು. ಈಗ ದನದ ದವಾಖಾನೆಯಲ್ಲಿ ಅದು ದಿನನಿತ್ಯದ ಕೆಲಸ. ಅಲ್ಲಿ ಹೋರಿಯ ವೀರ್ಯವನ್ನು ಮೊದಲೇ ಪರೀಕ್ಷಿಸಿರುತ್ತಾರೆ.

ಮನುಷ್ಯರಿಗೆ ಮಾಡುವ ಐ.ಯು.ಐ. ಚಿಕಿತ್ಸೆಯ ಕ್ರಮ ಸರಳ. ಸ್ಕ್ಯಾನಿಂಗ್ ಮೂಲಕ ಅಂಡಾಣು ಬೆಳೆಯುವುದನ್ನು ಗಮನಿಸುತ್ತಾರೆ. ಪ್ರಯೋಗಾಲಯದಲ್ಲಿ ವೀರ್ಯವನ್ನು ತೊಳೆದು, ಚುರುಕಾದ ವೀರ್ಯಾಣುಗಳನ್ನು ಬೇರ್ಪಡಿಸುತ್ತಾರೆ. ತೊಳೆಯದ ವೀರ್ಯದಲ್ಲಿರುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ಗರ್ಭಾಶಯವನ್ನು ಹಿಂಡಿ ನೋವುಂಟುಮಾಡುತ್ತವೆ. ಅಂಡಾಣು ಹೊರಬೀಳುವ ಹೊತ್ತಿಗೆ ಸಣ್ಣ ಮೆದುನಳಿಕೆಯಿಂದ ವೀರ್ಯಾಣುಗಳನ್ನು ಗರ್ಭಾಶಯದೊಳಗೆ ಬಿಡುತ್ತಾರೆ. ಫಲನ ನಡೆಯುವುದು ದೇಹದೊಳಗೆ. ಆದ್ದರಿಂದ ಇದು ಪ್ರನಾಳ ಶಿಶುವಿನ ವಿಧಾನವಲ್ಲ. ಒಂದಾದರೂ ಅಂಡನಾಳ ತೆರೆದಿರಬೇಕು. ಒಂದೇ ಸಲಕ್ಕೆ ಫಲಿಸದಿರುವುದೇ ಹೆಚ್ಚು. 2021ರ ಕೇಂದ್ರ ಕಾಯಿದೆಯಂತೆ ಇಂಥ ಚಿಕಿತ್ಸಾಲಯಗಳು ನೋಂದಣಿಯಾಗಿರಬೇಕು.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನಲ್ಲಿಯೂ ಕಾರಣವಿರುತ್ತದೆ. ಅವನ ವೀರ್ಯಪರೀಕ್ಷೆಗೆ ಸೂಜಿ ಬೇಡ, ಶಸ್ತ್ರಕ್ರಿಯೆ ಬೇಡ. ಆದರೂ ಹೆಂಡತಿ ಊರೂರು ತಿರುಗಿ, ಔಷಧಿ ನುಂಗಿ ಬಳಲಿದ ಮೇಲೆ ಆ ಪರೀಕ್ಷೆಯ ಮಾತು ಬರುತ್ತದೆ. ಹರಕೆಗೆ ಜೋಡಿಯಾಗಿ ಹೋಗುವವರು ತಪಾಸಣೆಗೂ ಜೋಡಿಯಾಗಿ ಹೋಗಲಿ. ನಾಳೆ ನಿಮ್ಮ ಮನೆಯಲ್ಲಿ ಈ ಮಾತು ಬಂದರೆ, ಅದನ್ನು ಹೇಳುವವರು ನೀವಾಗಿರಿ.