ನಂದಿಬೆಟ್ಟವನ್ನು ಏರುವ ಮುನ್ನ



ನೀವು ಬಾಗಲಗುಂಟೆಯಲ್ಲೋ ದಾಸರಹಳ್ಳಿಯಲ್ಲೋ ಯಲಹಂಕದಲ್ಲೋ ವಾಸಿಸುವವರಾಗಿದ್ದರೆ ನಂದಿಬೆಟ್ಟಕ್ಕೆ ಒಮ್ಮೆಯಾದರೂ ಹೋಗಿಬಂದಿರುತ್ತೀರಿ. ನಸುಕಿನಲ್ಲೇ ಹೊರಟು, ಮಂಜು ಕವಿದ ತುದಿಯಲ್ಲಿ ನಿಂತು ಸೂರ್ಯೋದಯ ಕಂಡು, ಕಟ್ಟಿಕೊಂಡು ಹೋದ ಚಿತ್ರಾನ್ನವನ್ನು ಕೋತಿಗಳಿಂದ ಕಾಪಾಡಿಕೊಂಡು ತಿಂದು, ಮಧ್ಯಾಹ್ನದ ಹೊತ್ತಿಗೆ ಇಳಿದು ಬಂದರೆ ಪ್ರವಾಸ ಮುಗಿಯಿತು. ದೂರದರ್ಶನದ ಪರದೆಯ ಮೇಲೂ ನಾವು ಹೆಚ್ಚಾಗಿ ತೋರಿಸುವುದು ಆ ಮಂಜನ್ನೇ. ಮಂಜು ಸರಿದ ಮೇಲೆ ಕಾಣುವ ಕೋಟೆಗೋಡೆ, ಬಂಗಲೆ, ಕೊಳಗಳ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಈ ಬೆಟ್ಟ ಗಿರಿಧಾಮವಾದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಆ ಗೋಡೆಗಳಲ್ಲಿದೆ.

ಗಿರಿಧಾಮಗಳನ್ನು ಇಂಗ್ಲಿಷರು 'ಕಂಡುಹಿಡಿದರು' ಎಂಬ ಮಾತನ್ನು ನೀವು ಕೇಳಿರಬಹುದು. ಉದಕಮಂಡಲದ ಕಥೆ ಹಾಗೆಯೇ ಆರಂಭವಾಗುತ್ತದೆ: 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿಯನ್ನು ಏರಿದನು, ಕೆಲವೇ ವರ್ಷಗಳಲ್ಲಿ ಅಲ್ಲಿ ಕಲ್ಲಿನ ಮನೆ ಕಟ್ಟಿದನು. ಆದರೆ ಆ ಬೆಟ್ಟಗಳಲ್ಲಿ ತೋಡರೂ ಕೋತರೂ ಇದ್ದರು. ನಮ್ಮ ಕನ್ನಡಕ್ಕೆ ಹತ್ತಿರದ ಮಾತನ್ನಾಡುವ ಬಡಗರೂ ಇದ್ದರು. ಕಾಣದೇ ಇದ್ದುದನ್ನು ಕಂಡಂತೆ ಬರೆಯುವುದು ಸುಲಭ. ನಂದಿಯ ಮಟ್ಟಿಗಂತೂ ಆ ಮಾತು ಸ್ವಲ್ಪವೂ ನಿಲ್ಲುವುದಿಲ್ಲ. ತಲಕಾಡಿನ ಗಂಗರು ತಮ್ಮನ್ನು 'ನಂದಗಿರಿನಾಥ'ರೆಂದು ಶಾಸನಗಳಲ್ಲಿ ಕರೆದುಕೊಂಡಿದ್ದಾರೆ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇಗುಲದ ಇತಿಹಾಸ 9ನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಮೇಲೆ ಯೋಗನಂದೀಶ್ವರ, ಕೆಳಗೆ ಭೋಗನಂದೀಶ್ವರ. ಈ ಜೋಡಣೆಯಲ್ಲೇ ನಮ್ಮ ಹಿರಿಯರು ಬೆಟ್ಟವನ್ನು ಹೇಗೆ ನೋಡುತ್ತಿದ್ದರೆಂಬುದು ತಿಳಿಯುತ್ತದೆ. ತುದಿ ತಪಸ್ಸಿಗೆ, ಬದುಕು, ಜಾತ್ರೆ, ಬೇಸಾಯ ಎಲ್ಲವೂ ಬುಡದಲ್ಲಿ. ತುದಿಯಲ್ಲಿ ಬೇಸಿಗೆ ಕಳೆಯಬೇಕೆಂಬ ಆಸೆ ಅರಸರಿಗೂ ಇತ್ತೆನ್ನಿ, ಟಿಪ್ಪುವಿನ ಬೇಸಿಗೆ ಮನೆ ಇಂದಿಗೂ ಅಲ್ಲಿದೆ. ಆದರೆ ಅವನಿಗೆ ಮುಖ್ಯವಾಗಿದ್ದುದು ಕೋಟೆ. ಚಿಕ್ಕಬಳ್ಳಾಪುರದ ಪಾಳೆಯಗಾರರ ಕಾಲದ ಕೋಟೆಯನ್ನು ಹೈದರನೂ ಟಿಪ್ಪುವೂ ಬಲಪಡಿಸಿದರು. ಒಂದು ಕಡೆ ಬಿಟ್ಟರೆ ಉಳಿದೆಲ್ಲ ಕಡೆ ಕಡಿದಾದ ಬಂಡೆ. ಅದನ್ನು ಏರಿ ಗೆಲ್ಲುವುದು ಸಾಧ್ಯವೇ ಇಲ್ಲವೆಂಬ ನಂಬಿಕೆಯಿತ್ತು.

ಆ ನಂಬಿಕೆ 1791ರಲ್ಲಿ ಮುರಿಯಿತು. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನ ಸೇನೆ ಮಳೆಗಾಲ ಕಳೆಯುವ ಹೊತ್ತಿಗೆ ನಂದಿದುರ್ಗದತ್ತ ತಿರುಗಿತು. ಫಿರಂಗಿಗಳನ್ನು ಮೇಲಕ್ಕೆ ಎಳೆದೊಯ್ಯಲು ಬೆಟ್ಟದ ಮೈಯಲ್ಲಿ ದಾರಿ ಕಡಿಯಬೇಕಾಯಿತು. ಸುಮಾರು ಮೂರು ವಾರಗಳ ಮುತ್ತಿಗೆಯ ನಂತರ, ಅಕ್ಟೋಬರ್ 19ರ ನಸುಕಿಗೆ ಮುನ್ನ, ಜನರಲ್ ಮೆಡೋಸನ ಸಮ್ಮುಖದಲ್ಲಿ ಸೈನಿಕರು ಒಡೆದ ಗೋಡೆಯ ಮೂಲಕ ಒಳನುಗ್ಗಿದರು. ಇಂಗ್ಲಿಷರು ಈ ಬೆಟ್ಟವನ್ನು ಏರಿದ್ದು ಹೀಗೆ, ಫಿರಂಗಿಯ ಹಿಂದೆ. ಗಾಳಿ ಸೇವನೆ ಆಮೇಲಿನ ಮಾತು.

ಆಮೇಲೆ ಎಂದರೆ ಬಹಳ ಆಮೇಲೆಯೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಸಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ನಂದಿಯ ತುದಿಯಲ್ಲಿ ಬೇಸಿಗೆಯ ಬಂಗಲೆ ಮಾಡಿಕೊಂಡನು. ಕಾವಲಿನ ಕೋಟೆ ಆರೋಗ್ಯಧಾಮವಾಯಿತು. ಏಕೆ? ಆ ಕಾಲದ ವೈದ್ಯರು ಜ್ವರಗಳಿಗೆಲ್ಲ ತಗ್ಗುನೆಲದ ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದರು. 'ಮಲೇರಿಯಾ' ಎಂಬ ಪದದ ಅರ್ಥವೇ ಕೆಟ್ಟ ಗಾಳಿ. ಎತ್ತರಕ್ಕೆ ಹೋದರೆ ಗಾಳಿ ಶುದ್ಧ, ದೇಹ ಸುಖಿ ಎಂಬುದು ಅವರ ಲೆಕ್ಕ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡದ್ದು 1897ರ ಆಗಸ್ಟ್‌ನಲ್ಲಿ. ಅದಕ್ಕೆ ಕೆಲವೇ ತಿಂಗಳ ಹಿಂದೆ ಉದಕಮಂಡಲದ ಕಡೆ ರಜೆಗೆ ಹೋಗಿದ್ದ ಅವನಿಗೇ ಸಿಗೂರು ಘಾಟಿನಲ್ಲಿ ಮಲೇರಿಯಾ ತಗುಲಿತ್ತು! ಲೆಕ್ಕ ತಪ್ಪಾಗಿದ್ದರೂ ಫಲ ಅಷ್ಟೇನೂ ತಪ್ಪಾಗಿರಲಿಲ್ಲ ಎನ್ನಿ, ಏಕೆಂದರೆ ತಂಪಾದ ಎತ್ತರದಲ್ಲಿ ಸೊಳ್ಳೆಯ ಹಾವಳಿ ಕಡಿಮೆ.

ಹಾಗಾದರೆ ನಂದಿ ಇನ್ನೊಂದು ಉದಕಮಂಡಲವಾಗಲಿಲ್ಲವೇಕೆ? ಭೂಗೋಳದ ಪಾಠ ನೆನಪಿಸಿಕೊಳ್ಳಿ. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರು, ಆರೂವರೆ ಡಿಗ್ರಿ ಇಳಿಯುತ್ತದೆ. ನಂದಿಯ ಎತ್ತರ 1,478 ಮೀಟರ್; ಬೆಂಗಳೂರೇ 900 ಮೀಟರಿಗಿಂತ ಮೇಲಿದೆ. ಅಂದರೆ ಮೂರು ನಾಲ್ಕು ಡಿಗ್ರಿಯ ಲಾಭ ಮಾತ್ರ. ಮದ್ರಾಸಿನ ಸೆಕೆಯಲ್ಲಿ ಬೆಂದವನಿಗೆ ಬೆಂಗಳೂರೇ ಗಿರಿಧಾಮದಂತೆ ತೋರುತ್ತಿತ್ತು. ಜೊತೆಗೆ ನಂದಿಯ ತುದಿಯಲ್ಲಿ ಪಟ್ಟಣ ಕಟ್ಟುವಷ್ಟು ಸಮತಟ್ಟು ನೆಲವೂ ಇಲ್ಲ. ನನ್ನ ಮಟ್ಟಿಗೆ ಇದು ಆ ಬೆಟ್ಟದ ಅದೃಷ್ಟ.

ಆದರೆ ಹೆಸರು ಮಾತ್ರ ದೂರ ಹಬ್ಬಿತು. 19ನೆಯ ಶತಮಾನದಲ್ಲಿ ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳನ್ನು ಕೂಡಿಸಿ ಆಡಳಿತಗಾರರು 'ನಂದಿದುರ್ಗ ವಿಭಾಗ' ಎಂದರು. ಕೋಲಾರದ ಚಿನ್ನದ ಗಣಿಗಳಲ್ಲಿ ಒಂದಕ್ಕೆ ಅದೇ ಹೆಸರು. ಜಯಮಹಲ್ ಕಡೆಯ ನಂದಿದುರ್ಗ ರಸ್ತೆಯಲ್ಲಿ ನೀವು ಬಸ್ಸಿನಲ್ಲಿ ಹೋಗಿರಬಹುದು. ಬೆಟ್ಟದ ಮೇಲಿನ ಹೆಸರುಗಳನ್ನೂ ಎಚ್ಚರದಿಂದ ಓದಬೇಕು. ಕಬ್ಬನ್ನನ ಬಂಗಲೆ ಈಗ ನೆಹರು ನಿಲಯ. 'ಟಿಪ್ಪು ಡ್ರಾಪ್' ಎಂಬ ಪ್ರಪಾತದ ಅಂಚಿನಲ್ಲಿ ಅಪರಾಧಿಗಳನ್ನು ಕೆಳಗೆ ತಳ್ಳುತ್ತಿದ್ದ ಕಥೆಯನ್ನು ಪ್ರತಿಯೊಬ್ಬ ಮಾರ್ಗದರ್ಶಿಯೂ ಹೇಳುತ್ತಾನೆ. ಕಥೆಯನ್ನು ಕೇಳಿ, ಆದರೆ ಅದನ್ನು ಯಾರು, ಯಾವಾಗ ಬರೆದಿಟ್ಟರು ಎಂದು ಒಮ್ಮೆ ಕೇಳಿನೋಡಿ. ಹೆಸರೇ ಸಾಕ್ಷಿಯಾಗುವುದಿಲ್ಲ.

1927ರ ಮಾರ್ಚ್‌ನಲ್ಲಿ ಪ್ರವಾಸದ ನಡುವೆ ಆರೋಗ್ಯ ಕುಸಿದ ಗಾಂಧೀಜಿ, ವೈದ್ಯರ ಸಲಹೆಯಂತೆ ವಿಶ್ರಾಂತಿಗೆಂದು ಏಪ್ರಿಲ್‌ನಲ್ಲಿ ನಂದಿಗೆ ಬಂದು ಸುಮಾರು ಆರು ವಾರ ಉಳಿದರು. ಐದು ವರ್ಷಗಳ ಹಿಂದೆ, 1922ರಲ್ಲಿ, ಬ್ರಿಟಿಷ್ ನ್ಯಾಯಾಲಯ ರಾಜದ್ರೋಹಕ್ಕಾಗಿ ಆರು ವರ್ಷಗಳ ಸೆರೆ ವಿಧಿಸಿದ್ದ ವ್ಯಕ್ತಿ, ಬ್ರಿಟಿಷ್ ಅಧಿಕಾರಿಗಳು ತಮ್ಮ ಸುಖಕ್ಕೆಂದು ಮಾಡಿಕೊಂಡಿದ್ದ ತಾಣದಲ್ಲಿ ಮೈಸೂರು ಸಂಸ್ಥಾನದ ಅತಿಥಿಯಾಗಿ ಚೇತರಿಸಿಕೊಂಡರು. 1936ರ ಮೇ ತಿಂಗಳಲ್ಲಿ ಮತ್ತೆ ಬಂದರು. 1986ರ ನವೆಂಬರ್‌ನಲ್ಲಿ ಬೆಂಗಳೂರಿನ ಸಾರ್ಕ್ ಶೃಂಗಸಭೆಗೆ ಬಂದಿದ್ದ ನಾಯಕರೂ ಈ ಬೆಟ್ಟವನ್ನೇರಿದರು.

ಇಷ್ಟೆಲ್ಲವೂ ಮೇಲೆ ಹೋದವರ ಕಥೆಯಾಯಿತು. ಕೆಳಗೆ ಬಂದದ್ದೂ ಒಂದಿದೆ, ನೀರು. ನಿಮ್ಮ ಬಾಗಲಗುಂಟೆಯ ಹೆಸರಿನಲ್ಲಿರುವ 'ಗುಂಟೆ' ಎಂದರೆ ಸಣ್ಣ ಕೆರೆ, ಹೊಂಡ. ಮಳೆನೀರನ್ನು ಹೀಗೆ ಹಿಡಿದಿಟ್ಟುಕೊಂಡೇ ಈ ಸೀಮೆಯ ಊರುಗಳು ಬದುಕಿದವು. ನಂದಿಯಲ್ಲಿ ಹುಟ್ಟುವ ಅರ್ಕಾವತಿ, ಬಾಗಲಗುಂಟೆಯ ರಸ್ತೆ ಹೋಗಿ ಮುಟ್ಟುವ ಹೆಸರಘಟ್ಟಕ್ಕೆ ಹರಿದು ಬರುತ್ತಿತ್ತು. 1876-78ರ ಭೀಕರ ಕ್ಷಾಮ ಕಂಡ ಬೆಂಗಳೂರು ತನ್ನ ಕೆರೆಗಳು ಸಾಲವೆಂದು ಅರಿತ ಮೇಲೆ, 1890ರ ದಶಕದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದ ಯೋಜನೆ ಸಿದ್ಧವಾಯಿತು. ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು, ಅಲ್ಲಿ ಉಗಿಯಂತ್ರಗಳಿಂದ ಮೇಲೇರಿ, ನಗರದ ನಲ್ಲಿಗಳನ್ನು ಸೇರಿತು. ಬೇಸಿಗೆಯಲ್ಲಿ ಸಾಹೇಬರು ಬೆಟ್ಟಕ್ಕೆ ಹೋಗುತ್ತಿದ್ದರು. ಬೆಟ್ಟದ ಮಳೆ ಊರಿಗೆಲ್ಲ ಬರುತ್ತಿತ್ತು. ನಗರ ಬೆಳೆದಂತೆ ಜಲಾನಯನ ಪ್ರದೇಶದ ಕಾಲುವೆಗಳು ಮುಚ್ಚಿದವು, ಅಂತರ್ಜಲ ಕುಸಿಯಿತು. ಅರ್ಕಾವತಿ ವರ್ಷದ ಬಹುಪಾಲು ಬತ್ತಿತು. ಬೆಂಗಳೂರು ಈಗ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿ ತರುತ್ತಿದೆ.

ಮುಂದಿನ ಸಲ ನಂದಿಗೆ ಹೋಗುವಾಗ ಮೊದಲು ಭೋಗನಂದೀಶ್ವರ ದೇಗುಲವನ್ನು ನೋಡಿ, ಸಾಧ್ಯವಾದರೆ ಹಳೆಯ ಮೆಟ್ಟಿಲುಗಳ ದಾರಿಯಲ್ಲಿ ಏರಿ. ಮೇಲೆ ಅಮೃತ ಸರೋವರದ ಮೆಟ್ಟಿಲ ಮೇಲೆ ಕುಳಿತು ದಣಿವಾರಿಸಿಕೊಳ್ಳಿ. ಹಿಂದಿರುಗುವಾಗ ಹೊತ್ತಿದ್ದರೆ ಹೆಸರಘಟ್ಟದ ಏರಿಯ ಮೇಲೆ ಹತ್ತು ನಿಮಿಷ ನಿಂತು, ಉತ್ತರಕ್ಕೆ ಮುಖ ಮಾಡಿ ನೋಡಿ. ಅಲ್ಲಿಂದ ಬಾಗಲಗುಂಟೆ ದೂರವಿಲ್ಲ.