ಹನಿಯ ಲೆಕ್ಕ: ಹೆರಿಗೆಗೆ ಮೊದಲು ಮತ್ತು ನಂತರ ಗಿಣ್ಣು ಹಾಲನ್ನು ಹಿಂಡಿ ಸಂಗ್ರಹಿಸುವ ಕ್ರಮ

ಮಗು ಹುಟ್ಟಿದ ಮೊದಲ ಎರಡು ಮೂರು ದಿನ ತಾಯಿಯ ಎದೆಯಲ್ಲಿ ಬರುವ ಹಳದಿ ಬಣ್ಣದ, ಅಂಟಂಟಾದ ಹಾಲನ್ನು ವೈದ್ಯರು ಕೊಲಸ್ಟ್ರಮ್ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಗಿಣ್ಣು ಹಾಲು, ಮೊದಲ ಹಾಲು, ಹಳದಿ ಹಾಲು ಎಂಬ ಹೆಸರುಗಳಿವೆ. ಮಗು ತಾನೇ ಎದೆ ಚೀಪಿ ಅದನ್ನು ಕುಡಿಯುವುದು ಸಹಜ ಕ್ರಮ. ಚೀಪಲು ಶಕ್ತಿಯಿಲ್ಲದ ಮಗು, ತಾಯಿಯನ್ನು ಬಿಟ್ಟು ನವಜಾತ ಶಿಶು ಘಟಕ ಸೇರಿದ ಮಗು, ರಕ್ತದ ಸಕ್ಕರೆ ಕುಸಿಯುವ ಭಯವಿರುವ ಮಗು, ಇವರಿಗೆ ಅದನ್ನು ಹಿಂಡಿ ಕೊಡಬೇಕಾಗುತ್ತದೆ. ಹೆರಿಗೆಗೆ ಮೂರು ನಾಲ್ಕು ವಾರ ಇರುವಾಗಲೇ ಹಿಂಡಿ, ಹೆಪ್ಪುಗಟ್ಟಿಸಿ ಇಟ್ಟುಕೊಳ್ಳುವ ಪದ್ಧತಿಯೂ ಕೆಲವು ದೇಶಗಳಲ್ಲಿ ಬಳಕೆಗೆ ಬಂದಿದೆ. ಎರಡರಲ್ಲೂ ಕೈಕೆಲಸ ಒಂದೇ. ಆದರೆ ಅವುಗಳ ಹಿಂದಿನ ಆಧಾರವೂ ಅವುಗಳ ಅಗತ್ಯವೂ ಬೇರೆ ಬೇರೆ.

ಗರ್ಭದ ಹದಿನಾರನೆಯ ವಾರದ ಆಸುಪಾಸಿನಲ್ಲೇ ಸ್ತನದ ಗ್ರಂಥಿಗಳು ಗಿಣ್ಣು ಹಾಲನ್ನು ತಯಾರಿಸಲು ಆರಂಭಿಸುತ್ತವೆ. ಅದು ಹೆಚ್ಚು ಸುರಿಯದಂತೆ ತಡೆಯುವುದು ಮಾಸು ಸ್ರವಿಸುವ ಪ್ರೊಜೆಸ್ಟರಾನ್. ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ಈ ಹಾರ್ಮೋನಿನ ಮಟ್ಟ ತಟ್ಟನೆ ಇಳಿಯುತ್ತದೆ; ಪ್ರೊಲ್ಯಾಕ್ಟಿನ್, ಇನ್ಸುಲಿನ್, ಕಾರ್ಟಿಸಾಲ್‌ಗಳು ಕೂಡಿ ಎರಡರಿಂದ ನಾಲ್ಕು ದಿನಗಳೊಳಗೆ ಎದೆ ತುಂಬುತ್ತದೆ. ಅಲ್ಲಿಯವರೆಗೆ ಹಾಲು ಹನಿ ಹನಿಯಾಗಿಯೇ ಬರುತ್ತದೆ. ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಟ್ಟು ಸುಮಾರು 30 ಮಿಲಿಲೀಟರ್ ಬರುವುದು ಸಾಮಾನ್ಯ. ತಾಯಿಯಿಂದ ತಾಯಿಗೆ ಇದು ಬಹಳ ವ್ಯತ್ಯಾಸವಾಗುತ್ತದೆ. ಆ ದಿನ ಮಗು ಒಂದು ಸಲಕ್ಕೆ ಕುಡಿಯುವುದೂ 2ರಿಂದ 10 ಮಿಲಿಲೀಟರ್ ಮಾತ್ರ. ಬಾಣಂತಿಯ ಕೋಣೆಯಲ್ಲಿ ‘ಹಾಲೇ ಬಂದಿಲ್ಲ’ ಎಂಬ ಮಾತು ಹುಟ್ಟುವುದು ಈ ಅಳತೆ ಗೊತ್ತಿಲ್ಲದ್ದರಿಂದ. ಬಂದದ್ದು ಚಮಚದ ತಳ ಮುಚ್ಚುವಷ್ಟೇ ಇದ್ದರೂ ಅದು ಆ ಹೊತ್ತಿನ ಪೂರ್ಣ ಊಟವಾಗಿರಬಹುದು.

ಇಷ್ಟು ಕಡಿಮೆ ಇರುವ ಈ ಹಾಲಿನಲ್ಲಿ ಸಾರ ದಟ್ಟವಾಗಿದೆ. ಮುಂದೆ ಬರುವ ಹಾಲಿಗೆ ಹೋಲಿಸಿದರೆ ಇದರಲ್ಲಿ ಕೊಬ್ಬು ಮತ್ತು ಲ್ಯಾಕ್ಟೋಸ್ ಕಡಿಮೆ, ಪ್ರೋಟೀನು ಹೆಚ್ಚು. ಆ ಪ್ರೋಟೀನಿನ ದೊಡ್ಡ ಪಾಲು ಮಗುವಿನ ಮೈ ಬೆಳೆಸುವುದಕ್ಕಿಂತ ಮೈ ಕಾಯುವ ಕೆಲಸದ್ದು. ಸ್ರಾವಕ ಇಮ್ಯುನೋಗ್ಲಾಬ್ಯುಲಿನ್ ಎ ಕರುಳಿನ ಒಳಮೈಗೆ ಲೇಪದಂತೆ ಹರಡಿ ರೋಗಾಣುಗಳು ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಲ್ಯಾಕ್ಟೋಫೆರಿನ್ ಬ್ಯಾಕ್ಟೀರಿಯಾಗಳಿಗೆ ಬೇಕಾದ ಕಬ್ಬಿಣವನ್ನು ಸಿಗದಂತೆ ಕಟ್ಟಿಹಾಕುತ್ತದೆ. ಇವುಗಳ ಜೊತೆಗೆ ಜೀವಂತ ಬಿಳಿ ರಕ್ತಕಣಗಳೂ ಇರುತ್ತವೆ. ಹಳದಿ ಬಣ್ಣ ಬರುವುದು ವಿಟಮಿನ್ ಎ ಆಗಿ ಮಾರ್ಪಡುವ ಕ್ಯಾರೋಟಿನ್‌ಗಳಿಂದ. ಜನ ಕೊಳೆಯೆಂದು, ಕೀವೆಂದು ತಪ್ಪು ತಿಳಿದದ್ದು ಈ ಬಣ್ಣವನ್ನೇ. ಹಾಲಿನ ಸೌಮ್ಯ ವಿರೇಚಕ ಗುಣದಿಂದ ಮಗುವಿನ ಮೊದಲ ಕಪ್ಪು ಮಲ ಬೇಗ ಹೊರಹೋಗುತ್ತದೆ. ಅದರಿಂದ ಕಾಮಾಲೆಯ ತೀವ್ರತೆಯೂ ತಗ್ಗುತ್ತದೆ.

ಕರ್ನಾಟಕದ ಹಳ್ಳಿಮನೆಗಳಲ್ಲಿ ಹಸು ಕರು ಹಾಕಿದರೆ ಅದರ ಗಿಣ್ಣು ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಬೇಯಿಸಿ ಅಕ್ಕಪಕ್ಕದವರಿಗೂ ಹಂಚುತ್ತಾರೆ. ಅದೇ ಮನೆಯ ಬಾಣಂತಿಯ ಗಿಣ್ಣು ಹಾಲು ‘ಕೆಟ್ಟ ಹಾಲು’ ಎನಿಸಿ ನೆಲಕ್ಕೆ ಬೀಳುತ್ತಿದ್ದುದೂ ಉಂಟು. ಅದರ ಜಾಗದಲ್ಲಿ ಮಗುವಿಗೆ ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ, ಕೆಲವೆಡೆ ಕತ್ತೆ ಹಾಲು. ಜೇನುತುಪ್ಪದಲ್ಲಿ ಬಾಟ್ಯುಲಿಸಮ್ ಕಾಯಿಲೆಯ ಬೀಜಕಣಗಳು ಇರಬಹುದಾದ್ದರಿಂದ ಒಂದು ವರ್ಷ ತುಂಬುವವರೆಗೆ ಅದನ್ನು ಕೊಡಲೇಬಾರದು.

ಈ ತಿರಸ್ಕಾರ ಒಂದೇ ನಾಡಿನದಲ್ಲ, ಇತ್ತೀಚಿನದೂ ಅಲ್ಲ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಸೊರಾನಸ್ ಮೊದಲ ದಿನಗಳ ತಾಯಿಹಾಲು ಅರಗದೆಂದು ನಂಬಿದ್ದ. ಸುಶ್ರುತಸಂಹಿತೆಯ ಶಾರೀರಸ್ಥಾನ, ಹಾಲು ಇಳಿಯುವುದು ಮೂರು ಅಥವಾ ನಾಲ್ಕು ರಾತ್ರಿಗಳ ಬಳಿಕ ಎಂದು ಹೇಳಿ, ಅಲ್ಲಿಯವರೆಗೆ ಜೇನು ತುಪ್ಪಗಳನ್ನು ವಿಧಿಸುತ್ತದೆ. ಎದೆ ತುಂಬುವ ಸಮಯವನ್ನು ಆ ಗ್ರಂಥ ನಿಖರವಾಗಿಯೇ ಗಮನಿಸಿದೆ. ಅದಕ್ಕೂ ಮುಂಚಿನ ಹನಿಗಳು ಅದರ ಲೆಕ್ಕಕ್ಕೆ ಬರಲಿಲ್ಲ. ಚರಕಸಂಹಿತೆಯಾದರೋ ಜೇನು ತುಪ್ಪಗಳನ್ನು ನೆಕ್ಕಿಸಿದ ಮೇಲೆ ಬಲ ಸ್ತನವನ್ನು ಮೊದಲು ಕೊಡಬೇಕೆನ್ನುತ್ತದೆ. ಭಾರತೀಯ ಪರಂಪರೆ ಒಕ್ಕೊರಲಿನಿಂದ ಮೊದಲ ಹಾಲನ್ನು ತಳ್ಳಿಹಾಕಿತ್ತು ಎನ್ನುವವರು ಈ ಭೇದವನ್ನು ಗಮನಿಸಬೇಕು.

ನಂಬಿಕೆ ಸಡಿಲಗೊಂಡಿದ್ದರೂ ಮೊದಲ ಹಾಲು ಹೊತ್ತಿಗೆ ಸರಿಯಾಗಿ ಮಗುವಿಗೆ ತಲುಪುತ್ತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಮತ್ತು ಐದನೆಯ ಸುತ್ತುಗಳ ನಡುವೆ ಭಾರತದಲ್ಲಿ ಆಸ್ಪತ್ರೆ ಹೆರಿಗೆಗಳು ಶೇ. 78.9ರಿಂದ ಶೇ. 88.6ಕ್ಕೆ ಏರಿದವು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಪಡೆದ ಮಕ್ಕಳ ಪ್ರಮಾಣ ಶೇ. 41.6ರಿಂದ ಶೇ. 41.8ಕ್ಕೆ ಮಾತ್ರ ಸರಿಯಿತು. ಅಡ್ಡಿ ಈಗ ಅಜ್ಜಿಯ ಮಾತಿನಲ್ಲಿಲ್ಲ. ಅದು ಹೆರಿಗೆ ಕೋಣೆಯ ದಿನಚರಿಯಲ್ಲಿದೆ. ಸಿಸೇರಿಯನ್ ಆದ ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ ಉಳಿಯುವ ಆ ಕೆಲವು ಗಂಟೆಗಳಲ್ಲೇ ಹಿಂಡುವ ವಿದ್ಯೆ ಹೆಚ್ಚು ಬೇಕಾಗುವುದು.

ಹೆರಿಗೆಗೆ ಮೊದಲೇ ಹಿಂಡುವ ಯೋಚನೆಯನ್ನು ಇಪ್ಪತ್ತನೆಯ ಶತಮಾನದ ನಡುವೆ ಗಟ್ಟಿಯಾಗಿ ಮುಂದಿಟ್ಟವರು ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ವಾಲರ್. ಗರ್ಭಿಣಿಯರು ಮೊದಲೇ ಹಿಂಡುವುದನ್ನು ಕಲಿತರೆ ಹೆರಿಗೆಯ ನಂತರ ಎದೆ ಕಟ್ಟಿಕೊಂಡು ಹಾಲೂಡಿಕೆ ನಿಲ್ಲುವುದು ತಪ್ಪುತ್ತದೆ ಎಂಬುದು 1946ರ ಅವರ ಬರಹದ ವಾದ. ಮುಂದೆ ಈ ರೂಢಿ ಹಿಂದೆ ಸರಿಯಿತು. ತೊಟ್ಟನ್ನು ಪ್ರಚೋದಿಸಿದರೆ ಆಕ್ಸಿಟೋಸಿನ್ ಸ್ರವಿಸಿ ಗರ್ಭಕೋಶ ಸಂಕುಚಿಸುತ್ತದೆ, ಅವಧಿಗೆ ಮೊದಲೇ ಹೆರಿಗೆಯಾದೀತು ಎಂಬ ಭಯವೂ ಇತ್ತು.

ಹಳೆಯ ರೂಢಿಗೆ ಮತ್ತೆ ಜೀವ ಬಂದದ್ದು ಮಧುಮೇಹದ ತಾಯಂದಿರ ಮಕ್ಕಳ ಕಾರಣಕ್ಕೆ. ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಗರ್ಭದ ಶಿಶು ಅದಕ್ಕೆ ತಕ್ಕಂತೆ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ಸಕ್ಕರೆಯ ಪೂರೈಕೆ ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಉಳಿಯುತ್ತದೆ. ಮಗುವಿನ ರಕ್ತದ ಸಕ್ಕರೆ ಕುಸಿಯುತ್ತದೆ. ಇತ್ತ ಅಂಥ ತಾಯಂದಿರಲ್ಲಿ ಎದೆ ತುಂಬುವುದೂ ತಡ. ಆ ಸಂದಿಯಲ್ಲಿ ಮಗುವಿಗೆ ಪುಡಿಹಾಲು ಹೋಗುತ್ತದೆ. ಮೊದಲೇ ಸಂಗ್ರಹಿಸಿದ ತಾಯಿಯ ಹಾಲೇ ಆ ಸಂದಿಯನ್ನು ತುಂಬಬಹುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ದೊಡ್ಡ ಪ್ರಯೋಗ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ‘ಡೇಮ್’ ಅಧ್ಯಯನ. ಡೆಲ್ಲಾ ಫಾರ್ಸ್ಟರ್ ಮುಂದಾಳತ್ವದ ಅದರ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಧುಮೇಹವಿದ್ದು ಬೇರೆ ತೊಡಕಿಲ್ಲದ 635 ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ 36ನೆಯ ವಾರದಿಂದ ದಿನಕ್ಕೆರಡು ಬಾರಿ ಹಿಂಡಲು ಕಲಿಸಲಾಯಿತು. ತೀವ್ರ ನಿಗಾ ಘಟಕ ಸೇರಿದ ಮಕ್ಕಳ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚು ಕಡಿಮೆ ಒಂದೇ, ಶೇ. 15 ಮತ್ತು ಶೇ. 14. ಮೊದಲ ಇಪ್ಪತ್ತನಾಲ್ಕು ಗಂಟೆ ಬರೀ ತಾಯಿಹಾಲನ್ನೇ ಪಡೆದವರು ಹಿಂಡಿದ ಗುಂಪಿನಲ್ಲಿ ಶೇ. 69, ಇನ್ನೊಂದರಲ್ಲಿ ಶೇ. 60.

ಈ ಫಲಿತಾಂಶವನ್ನು ಅದರ ಮಿತಿಯಲ್ಲೇ ಓದಬೇಕು. ಮಧುಮೇಹವಿದ್ದು ಬೇರೆ ತೊಡಕಿಲ್ಲದ ಗರ್ಭಿಣಿಯರಿಗೆ 36 ವಾರದ ಮೇಲೆ ಹಿಂಡುವುದರಿಂದ ಹಾನಿ ಕಾಣಲಿಲ್ಲ ಎಂಬುದಷ್ಟೇ ಅದರ ಗಟ್ಟಿ ಮಾತು; ಪ್ರತಿಯೊಬ್ಬ ಗರ್ಭಿಣಿಯೂ ಹಿಂಡಿಡಬೇಕೆಂದು ಅದು ಹೇಳುವುದಿಲ್ಲ. ಮಧುಮೇಹದ ಜೊತೆಗೆ, ಮಗುವಿಗೆ ಸೀಳುತುಟಿ ಅಥವಾ ಸೀಳಂಗುಳ ಇದೆಯೆಂದು, ಹೃದಯದ ದೋಷವಿದೆಯೆಂದು ಸ್ಕ್ಯಾನಿಂಗ್‌ನಲ್ಲಿ ತಿಳಿದಾಗ, ಹಿಂದಿನ ಹೆರಿಗೆಯಲ್ಲಿ ಹಾಲು ತೀರಾ ತಡವಾಗಿ ಬಂದಿದ್ದಾಗ ಇದನ್ನು ಯೋಚಿಸಬಹುದು. ಮಾಸು ಕೆಳಗಿದ್ದರೆ, ರಕ್ತಸ್ರಾವವಾಗಿದ್ದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರೆ, ಹಿಂದೆ ದಿನ ತುಂಬದ ಹೆರಿಗೆಯಾಗಿದ್ದರೆ ಇದು ಬೇಡ. ಯಾರೇ ಆಗಲಿ ವೈದ್ಯರ ಒಪ್ಪಿಗೆಯಿಲ್ಲದೆ ಆರಂಭಿಸಬಾರದು. ಹಿಂಡುವಾಗ ಹೊಟ್ಟೆ ಬಿಗಿಯತೊಡಗಿದರೆ ನಿಲ್ಲಿಸಬೇಕು. ಮೊದಲ ದಿನಗಳಲ್ಲಿ ಒಂದು ಹನಿಯೂ ಬಾರದೆ ಇರಬಹುದು. ಅದನ್ನು ಕಂಡು ಮುಂದೆ ಹಾಲೇ ಆಗದು ಎಂದುಕೊಳ್ಳಲು ಕಾರಣವಿಲ್ಲ, ಮಾಸಿನ ತಡೆ ಆಗಿನ್ನೂ ಜಾರಿಯಲ್ಲಿರುತ್ತದೆ.

ಹಿಂಡುವ ಕ್ರಮ ಕಲಿಯಲು ಕಷ್ಟವಲ್ಲ, ಆದರೆ ಕಣ್ಣಾರೆ ನೋಡಿ ಕಲಿಯಬೇಕು. ಕೈಗಳನ್ನು ಸೋಪಿನಿಂದ ತೊಳೆದು, ಬೆಚ್ಚಗಿನ ಬಟ್ಟೆಯನ್ನು ಎದೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು, ಹಗುರವಾಗಿ ನೀವಬೇಕು. ಹೆಬ್ಬೆರಳು ಮೇಲೆ, ತೋರುಬೆರಳು ಮತ್ತು ನಡುಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಇರಬೇಕು. ಬೆರಳುಗಳನ್ನು ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಒಂದಕ್ಕೊಂದು ಅದುಮಿ, ಬಿಡಬೇಕು. ಒತ್ತು, ಅದುಮು, ಬಿಡು: ಇದೇ ಲಯ. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನು ಹಿಸುಕಬಾರದು. ಹಸುವಿನ ಕೆಚ್ಚಲು ಕರೆದು ರೂಢಿಯಿರುವ ಕೈ ತೊಟ್ಟನ್ನೇ ಎಳೆಯಲು ಹೋಗುತ್ತದೆ. ಹಾಗೆ ಎಳೆದರೆ ನೋವಾಗುತ್ತದೆಯೇ ಹೊರತು ಹಾಲು ಬರುವುದಿಲ್ಲ. ಹನಿ ಕಾಣಲು ಒಂದೆರಡು ನಿಮಿಷ ಬೇಕಾಗಬಹುದು. ಹರಿವು ನಿಂತಾಗ ಬೆರಳುಗಳನ್ನು ಗಡಿಯಾರದ ಮುಳ್ಳಿನಂತೆ ಸುತ್ತ ಸರಿಸುತ್ತ ಬೇರೆ ನಾಳಗಳನ್ನು ಅದುಮಿ, ಬಳಿಕ ಇನ್ನೊಂದು ಎದೆಗೆ ಹೋಗಬೇಕು. ಮೂಡಿದ ಹನಿಯನ್ನು ಸೂಜಿಯಿಲ್ಲದ 1 ಅಥವಾ 2 ಮಿಲಿಲೀಟರಿನ ಸಿರಿಂಜಿನಿಂದ ತೊಟ್ಟಿನ ಮೇಲಿಂದಲೇ ಹೀರಿಕೊಳ್ಳಬಹುದು, ಇಲ್ಲವೇ ಕುದಿಸಿ ಆರಿಸಿದ ಸ್ಟೀಲ್ ಚಮಚಕ್ಕೆ ಬೀಳಿಸಿಕೊಳ್ಳಬಹುದು.

ಮೊದಲ ದಿನಗಳಲ್ಲಿ ಯಂತ್ರಕ್ಕಿಂತ ಕೈಯೇ ಮೇಲು. ಗಿಣ್ಣು ಹಾಲು ಮಂದವಾಗಿ, ಅಂಟಾಗಿ ಇರುವುದರಿಂದ ಪಂಪಿನ ಬಟ್ಟಲಿಗೆ, ಬಾಟಲಿಯ ಗೋಡೆಗೆ ಹತ್ತಿಯೇ ಒಂದಷ್ಟು ಕಳೆದುಹೋಗುತ್ತದೆ. ಹೆರಿಗೆಯ ನಂತರದ ಮೊದಲ 48 ಗಂಟೆಗಳಲ್ಲಿ ಕೈಯಿಂದ ಹಿಂಡಿದಾಗ ವಿದ್ಯುತ್ ಪಂಪಿಗಿಂತ ಹೆಚ್ಚು ಹಾಲು ಸಿಕ್ಕಿದ್ದನ್ನು ಜಪಾನಿನಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಅದಕ್ಕೆ ಒಂದು ವರ್ಷ ಮೊದಲು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಜೇನ್ ಮಾರ್ಟನ್ ಮತ್ತು ಸಂಗಡಿಗರು, ದಿನ ತುಂಬದ ಮಕ್ಕಳ ತಾಯಂದಿರಲ್ಲಿ ಮೊದಲ ಮೂರು ದಿನ ಪಂಪಿನ ಜೊತೆಗೆ ದಿನಕ್ಕೆ ಐದಕ್ಕಿಂತ ಹೆಚ್ಚು ಬಾರಿ ಕೈಯಿಂದಲೂ ಹಿಂಡಿದವರಿಗೆ ವಾರಗಳ ನಂತರವೂ ಹೆಚ್ಚು ಹಾಲಿರುವುದನ್ನು ತೋರಿಸಿದರು. ಮೊದಲ ಮೂರು ದಿನದ ಹಿಂಡುವಿಕೆ ಆ ಹೊತ್ತಿನ ಹನಿಗಳನ್ನು ಕೊಡುವುದಲ್ಲದೆ ಮುಂದಿನ ತಿಂಗಳುಗಳ ಹಾಲಿಗೂ ದಾರಿ ಮಾಡುತ್ತದೆ.

ಆದ್ದರಿಂದ ಮಗುವನ್ನು ಬೇರೆ ಕಡೆ ಒಯ್ದಿದ್ದರೆ, ಹೆರಿಗೆಯಾಗಿ ಆದಷ್ಟು ಬೇಗ, ಹೆಚ್ಚೆಂದರೆ ಆರು ಗಂಟೆಯೊಳಗೆ ಹಿಂಡಲು ಆರಂಭಿಸಬೇಕು. ಆಮೇಲೆ ದಿನಕ್ಕೆ ಎಂಟರಿಂದ ಹತ್ತು ಬಾರಿ. ಪ್ರೊಲ್ಯಾಕ್ಟಿನ್ ಏರಿರುವ ರಾತ್ರಿಯ ಹೊತ್ತಿನಲ್ಲಿ ಒಮ್ಮೆಯಾದರೂ. ಸಿಸೇರಿಯನ್ ಆಗಿ ಮಲಗಿರುವ ತಾಯಿಗೆ ಇದನ್ನು ಒಬ್ಬಳೇ ಮಾಡಲಾಗದು. ಪಕ್ಕದಲ್ಲಿ ಚಮಚ ಹಿಡಿದು ಕೂರುವ ದಾದಿಯೋ ಅಮ್ಮನೋ ಅತ್ತೆಯೋ ಬೇಕು. ಗರ್ಭಿಣಿಯರಿಗೆ ಸಿರಿಂಜು ಹಂಚುವುದಕ್ಕಿಂತ ಈ ಆರು ಗಂಟೆಗಳಿಗೆ ಒಬ್ಬ ತರಬೇತಾದ ದಾದಿಯನ್ನು ಒದಗಿಸುವುದು ಇಲ್ಲಿನ ಜಿಲ್ಲಾಸ್ಪತ್ರೆಗಳಲ್ಲಿ ಹೆಚ್ಚು ಮಕ್ಕಳಿಗೆ ನೆರವಾಗುತ್ತದೆ.

ಹಿಂಡಿದ ಹಾಲಿನ ರಕ್ಷಣಾ ಶಕ್ತಿಯ ಬಗ್ಗೆ ಭಾರತದಲ್ಲೇ ಮುಖ್ಯ ಕೆಲಸ ನಡೆದಿದೆ. ಇಂದಿರಾ ನಾರಾಯಣನ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಕಡಿಮೆ ತೂಕದ ಮಕ್ಕಳಿಗೆ ಹಿಂಡಿದ ತಾಯಿಹಾಲು ಕೊಟ್ಟಾಗ ಸೋಂಕುಗಳು ತಗ್ಗುವುದನ್ನು ಪ್ರಯೋಗಗಳಲ್ಲಿ ತೋರಿಸಿದರು. ಅವು ಲ್ಯಾನ್ಸೆಟ್‌ನಲ್ಲಿ ಪ್ರಕಟವಾದವು. ಏಷ್ಯಾದ ಮೊದಲ ತಾಯಿಹಾಲು ಬ್ಯಾಂಕು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಅರ್ಮಿಡಾ ಫರ್ನಾಂಡಿಸ್ ಅವರ ಪ್ರಯತ್ನದಿಂದ ಆರಂಭವಾಯಿತು. ದಾನದ ಹಾಲನ್ನು ಪಾಶ್ಚರೀಕರಿಸಲೇಬೇಕು; ಆ ಬಿಸಿಗೆ ಬಿಳಿ ರಕ್ತಕಣಗಳು ಸಾಯುತ್ತವೆ, ಪ್ರತಿಕಾಯಗಳು ಒಂದಷ್ಟು ನಷ್ಟವಾಗುತ್ತವೆ. ಹಾಗಾಗಿ ಬ್ಯಾಂಕಿನ ಹಾಲು ಎಷ್ಟೇ ಇದ್ದರೂ ಸ್ವಂತ ತಾಯಿಯ ಹಸಿ ಗಿಣ್ಣು ಹಾಲಿಗೆ ಮೊದಲ ಸ್ಥಾನ.

ಸಂಗ್ರಹದ ನಿಯಮಗಳು ಕೆಲವೇ. ಸಿರಿಂಜಿಗೆ ಮುಚ್ಚಳ ಹಾಕಿ, ತಾಯಿಯ ಹೆಸರು, ದಿನಾಂಕ, ವೇಳೆ ಬರೆದ ಚೀಟಿ ಅಂಟಿಸಬೇಕು. ಕೋಣೆಯ ತಾಪದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಇಪ್ಪತ್ತನಾಲ್ಕು ಗಂಟೆ ಎಂಬುದು ಕಾಯಿಲೆ ಮಕ್ಕಳಿಗೆ ಒಪ್ಪುವ ಎಚ್ಚರದ ಮಿತಿ. ಬಳ್ಳಾರಿ, ರಾಯಚೂರುಗಳ ಬೇಸಿಗೆಯಲ್ಲಿ ಕೋಣೆಯ ತಾಪವನ್ನು ನೆಚ್ಚಲೇಬಾರದು. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಮೂರು ತಿಂಗಳು ಇಡಬಹುದು. ಹೆರಿಗೆಗೆ ಮುಂಚೆ ಒಂದೇ ದಿನ ಹಲವು ಸಲ ಹಿಂಡಿದ್ದನ್ನು ಫ್ರಿಜ್ಜಿನಲ್ಲಿಟ್ಟ ಒಂದೇ ಸಿರಿಂಜಿಗೆ ಸೇರಿಸುತ್ತ ಹೋಗಿ, ದಿನದ ಕೊನೆಗೆ ಫ್ರೀಜರಿಗೆ ಹಾಕಬಹುದು. ಆಸ್ಪತ್ರೆಗೆ ಒಯ್ಯುವಾಗ ಮಂಜುಗಡ್ಡೆಯ ಪೆಟ್ಟಿಗೆ ಬೇಕು. ಕರಗಿಸಲು ಸಿರಿಂಜನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಸಾಕು. ಒಲೆ, ಮೈಕ್ರೋವೇವ್ ಎರಡೂ ಬೇಡ. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ.

ಕುಡಿಸಲು ಬಾಟಲಿ ಬೇಕಿಲ್ಲ. ಹಳೆಯ ಮನೆಗಳಲ್ಲಿರುವ, ಮೂತಿ ಚಾಚಿದ ಒಳಲೆಯನ್ನು ನೀರಿನಲ್ಲಿ ಕುದಿಸಿ ಬಳಸಬಹುದು; ದಕ್ಷಿಣ ಭಾರತದ ಆಸ್ಪತ್ರೆಗಳಲ್ಲಿ ಪಾಲಡೈ ಎಂದು ಹೆಸರಾದದ್ದು ಇದೇ ಪಾತ್ರೆ. ಮಗುವಿನ ತಲೆಯನ್ನು ಎತ್ತಿ ಹಿಡಿದು, ತುಟಿಯಂಚಿಗೆ ಒಳಲೆ ತಾಗಿಸಿ, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದನ್ನು ಬಿಡಬೇಕು. ನುಂಗಲೂ ಆಗದಷ್ಟು ಎಳೆಯ ಮಗುವಿಗೆ ಮೂಗಿನ ನಳಿಕೆಯಲ್ಲಿ ಆಹಾರ ಹೋಗುತ್ತಿರುವಾಗಲೂ 0.1 ಮಿಲಿಲೀಟರ್‌ನಷ್ಟು ಗಿಣ್ಣು ಹಾಲನ್ನು ಎರಡೂ ಕೆನ್ನೆಗಳ ಒಳಗೆ ಎರಡು ಮೂರು ಗಂಟೆಗೊಮ್ಮೆ ಸವರುವ ಕ್ರಮ ಅನೇಕ ಘಟಕಗಳಲ್ಲಿದೆ. ಇದರಿಂದ ಮಕ್ಕಳು ಪೂರ್ಣ ಆಹಾರಕ್ಕೆ ಬೇಗ ತಲುಪುವ ಸೂಚನೆಗಳಿವೆ. ಇದು ಎಳೆಯ ಮಕ್ಕಳ ಕರುಳು ಕೊಳೆಯುವ ಕಾಯಿಲೆಯನ್ನು ತಡೆಯುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ. ಮಗು ಚೇತರಿಸಿಕೊಂಡು ತಾಯಿಯ ಎದೆಗೊರಗಿ ತಾನೇ ಚೀಪತೊಡಗಿದ ದಿನದಿಂದ ಒಳಲೆಯ ಹಾಲನ್ನು ಕಡಿಮೆ ಮಾಡುತ್ತ, ತೂಕ ಏರುವುದನ್ನು ನೋಡಿಕೊಂಡು ನಿಲ್ಲಿಸಬೇಕು.